ಕೆರೆ ಹಸಿರಾಗಿದೆ ಅಂತ ಫೋಟೊ ಹಾಕುವವರಿಗೆ

ಬೆಳಗ್ಗೆಯಿಂದ ಅದೇ ಫೋಟೊ ಗ್ರೂಪಿಂದ ಗ್ರೂಪಿಗೆ ಸುತ್ತುತ್ತಿದೆ. ನೀರ ಮೇಲೆ ದಪ್ಪ ಹಸಿರು ಪದರ, ಕೆಳಗೆ "ನಮ್ಮ ಕೆರೆಯ ದುಸ್ಥಿತಿ ನೋಡಿ". ಯಾವ ಕೆರೆ? ಏರಿ ಕಡೆಯೋ, ರಾಜಕಾಲುವೆ ಸೇರುವ ಕಡೆಯೋ? ಎಷ್ಟು ಹೊತ್ತಿಗೆ ತೆಗೆದದ್ದು? ಒಂದೂ ಇಲ್ಲ. ಅಳುವ ಇಮೋಜಿ ಮಾತ್ರ ಧಾರಾಳ.

ಸ್ವಾಮಿ, ಮೈಕ್ರೋಸಿಸ್ಟಿಸ್‌ನಂಥ ವಿಷದ ಪಾಚಿ ಕೂತಲ್ಲೇ ಕೂತಿರೋದಿಲ್ಲ. ಅದರ ಕೋಶದೊಳಗೇ ಗಾಳಿಗುಳ್ಳೆಗಳಿವೆ. ನೀರು ಅಲುಗದ ಬೆಳಗ್ಗೆ ಮೇಲೆ ತೇಲುತ್ತೆ, ಗಾಳಿ ಎದ್ದರೆ ಎದುರು ದಡಕ್ಕೆ ಹೋಗಿ ಕೆನೆಗಟ್ಟುತ್ತೆ, ಅಲೆ ಜೋರಾದರೆ ನೀರಲ್ಲಿ ಬೆರೆತು ಮಾಯ. ಜಾಗ, ಸಮಯ ಇಲ್ಲದ ದೂರು ಹಿಡಿದು ಸಂಜೆ ಯಾರಾದರೂ ಬಂದರೂ (ಬಂದರೆ!) "ಇಲ್ಲೇನೂ ಇಲ್ಲವಲ್ಲ" ಅಂತ ಬರೆದುಕೊಂಡು ಹೋಗ್ತಾರೆ.

ಹಸಿರೆಲ್ಲ ವಿಷವೂ ಅಲ್ಲ. ಉದ್ದನೆ ಕೋಲಿನಿಂದ ಎತ್ತಿ. ಎಳೆ ಎಳೆಯಾಗಿ ಜೋತುಬಿದ್ದರೆ ಬಹುತೇಕ ಸಾದಾ ಪಾಚಿ. ಪುಟ್ಟ ಎಲೆ, ಬೇರು ಕಂಡರೆ ಅದು ಪಾಚಿಯೇ ಅಲ್ಲ, ಗಿಡ. ಕೋಲು ಪೇಂಟ್ ಡಬ್ಬಿಗೆ ಅದ್ದಿದ ಹಾಗೆ ಬಂದರೆ ಅನುಮಾನಪಡಿ. ಆಮೇಲೆ ರಬ್ಬರ್ ಗ್ಲೌಸ್ ಹಾಕಿಕೊಂಡು, ಕೆನೆಯ ಸ್ವಲ್ಪ ಕೆಳಗಿನ ನೀರನ್ನು ಗಾಜಿನ ಜಾಡಿಯಲ್ಲಿ ಮುಕ್ಕಾಲು ತುಂಬಿ, ರಾತ್ರಿಯಿಡೀ ಅಲುಗಾಡಿಸದೆ ಫ್ರಿಜ್ಜಿನಲ್ಲಿಡಿ. ಹಸಿರು ತಳಕ್ಕಿಳಿದರೆ ಸಾಮಾನ್ಯವಾಗಿ ಸಾದಾ ಪಾಚಿ, ಮೇಲೆ ಉಂಗುರದಂತೆ ಕಟ್ಟಿದರೆ ಸಯನೋಬ್ಯಾಕ್ಟೀರಿಯಾ (ಮೈಕ್ರೋಸಿಸ್ಟಿಸ್ ಸೇರಿರುವ, ಪಾಚಿಯಂತೆ ಕಾಣುವ ಬ್ಯಾಕ್ಟೀರಿಯಾ ಗುಂಪು) ಇರುವ ಸಾಧ್ಯತೆ ಹೆಚ್ಚು. ವಿಷ ಇದೆಯೋ ಇಲ್ಲವೋ ಜಾಡಿ ಹೇಳೋದಿಲ್ಲ, ಅದಕ್ಕೆ ಲ್ಯಾಬೇ ಬೇಕು.

"ಇದೆಲ್ಲ ಅಧಿಕಾರಿಗಳ ಕೆಲಸ, ನಮಗ್ಯಾಕೆ?" ಅಂತೀರಿ. ಸರಿ, ಅವರದೇ. ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರಿಗೆ ಕೊಡುವ 'ಎ'ಯಿಂದ 'ಇ'ವರೆಗಿನ ದರ್ಜೆಯಲ್ಲಿ ಆಮ್ಲಜನಕ, ಬಿಒಡಿ (ನೀರಲ್ಲಿನ ಕೊಳಕು ಕೊಳೆಯಲು ಬೇಕಾಗುವ ಆಮ್ಲಜನಕದ ಲೆಕ್ಕ), ಕೋಲಿಫಾರ್ಮ್ (ಕೊಳಚೆಯ ಸುಳಿವು ಕೊಡುವ ಬ್ಯಾಕ್ಟೀರಿಯಾ) ಎಲ್ಲ ಉಂಟು, ಪಾಚಿಯ ವಿಷ ಇಲ್ಲ. ಕೇಳದಿದ್ದರೆ ಬರೋದು ಬಿಒಡಿ ರಿಪೋರ್ಟೇ. ಹಾಗಾಗಿ ದೂರಿನಲ್ಲಿ "ಮೈಕ್ರೋಸಿಸ್ಟಿನ್ ಪರೀಕ್ಷೆ ಮಾಡಿಸಿ" ಅಂತಲೇ ಬರೆಯಿರಿ, ಮೈಕ್ರೋಸಿಸ್ಟಿಸ್‌ನಂಥ ಪಾಚಿಯ ವಿಷದ ಹೆಸರು ಅದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಕುಡಿಯುವ ನೀರಿಗೆ ಲೀಟರಿಗೆ 1 ಮೈಕ್ರೋಗ್ರಾಂ, ಈಜುವ ನೀರಿಗೆ 24. ಜೊತೆಗೆ ದೂರದ್ದೊಂದು, ಹತ್ತಿರದ್ದೊಂದು ಫೋಟೊ, ಲೊಕೇಶನ್ ಪಿನ್, ಗಂಟೆ, ಗಾಳಿಯ ದಿಕ್ಕು, ಸತ್ತ ಮೀನು ಇದ್ದರೆ ಅದೂ.

ಇನ್ನು ಕಾಮೆಂಟಿನಲ್ಲಿ ಪಾಚಿ ಸಾಯಲು ಮೈಲುತುತ್ತ (ಕಾಪರ್ ಸಲ್ಫೇಟ್) ಸುರಿಯಿರಿ ಅನ್ನುವ ಪಂಡಿತರು. ಸುರಿದರೆ ಕೋಶ ಒಡೆದು, ಒಳಗಿದ್ದ ವಿಷವೆಲ್ಲ ಒಮ್ಮೆಗೇ ನೀರಿಗೆ ಬರುತ್ತೆ. ಕುದಿಸಿದರೂ ಅದು ಹೋಗಲ್ಲ. ಫಲಿತಾಂಶ ಬರುವ ತನಕ ದನ, ನಾಯಿಗಳನ್ನು ಆ ದಡಕ್ಕೆ ಬಿಡಬೇಡಿ. ಹಾಂ, ಆ ಫೋಟೊ ಹಾಕಿದವರು ಕೆರೆ ಯಾವುದೂಂತ ಇನ್ನೂ ಹೇಳಿಲ್ಲ.