ಚರ್ಚೆ ನೀವು ಮಾಡಿ, ಮಗೂನ ನಾವು ಮಲಗಿಸ್ತೀವಿ

ನಿನ್ನೆ ಭಾವನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಗಂಡಸರ ಪಂಕ್ತಿ ಮುಗಿದಿತ್ತು, ನಾವಿನ್ನೂ ಊಟಕ್ಕೆ ಕೂತಿರಲಿಲ್ಲ. ಹಾಲ್‌ನಲ್ಲಿ ದೇವರಿದ್ದಾನೋ ಇಲ್ಲವೋ ಎಂಬ ಜಗಳ ಶುರುವಾಯಿತು.

ನಮ್ಮ ಮನೆಯವರು ಎಂಥ ನಾಸ್ತಿಕರು ಅಂತ ನಿಮಗೆಲ್ಲ ಗೊತ್ತೇ ಇದೆ. ಭಾವ ಎಂಥ ಆಸ್ತಿಕರು ಅನ್ನೋದೂ ಗೊತ್ತು, ಅವರ ಗುಡ್ ಮಾರ್ನಿಂಗ್ ದೇವರ ಫೋಟೋಗಳು ನಿಮ್ಮ ಫೋನಿಗೂ ಬರುತ್ತವೆ. ಈ ಸಲ ವಿಷಯ ನಮ್ಮ ಮಗ. ಬರುವ ವರ್ಷ ಅವನಿಗೆ ಎಂಟು ತುಂಬುತ್ತದೆ. "ಮುಂಜಿ ಯಾವಾಗ ಮಾಡ್ತೀಯೋ?" ಅಂತ ಭಾವ ಕೇಳಿದರು. "ಮಾಡಲ್ಲ. ದೊಡ್ಡವನಾದ ಮೇಲೆ ಬೇಕಿದ್ರೆ ಅವನೇ ಮಾಡ್ಕೊಳ್ಲಿ" ಅಂದರು ಇವರು. ಅಷ್ಟೇ ಸಾಕಾಯಿತು. ವೇದ ಬಂತು, ಚಾರ್ವಾಕ ಬಂದ, ಬುದ್ಧ ಬಂದ, ಡಾರ್ವಿನ್ ಬಂದ. ಸಂಸ್ಕಾರ ಹಾಳಾಯಿತು, ಸಮಾಜ ಹಾಳಾಯಿತು. ಮಗುವಿನ ಆಯ್ಕೆ ಅಂದರು, ಮಗುವಿನ ಭವಿಷ್ಯ ಅಂದರು. ಮಗು ಟೀಪಾಯಿ ಕೆಳಗೆ ಕೂತು ಸಪಾದ ನೆಕ್ಕುತ್ತಿತ್ತು. ಅಷ್ಟು ಹೊತ್ತಿನಲ್ಲಿ ಆ ಮಗುವಿನ ತಾಯಿಯನ್ನು ಕೇಳಿದ ಪ್ರಶ್ನೆ ಒಂದೇ: "ಕಾಫಿ ಆಯ್ತೇನಮ್ಮಾ?"

ಆಯ್ತು. ಕಾಫಿ ಕೊಟ್ಟೆ. ಈಗ ಇಲ್ಲಿ ಬರೆಯುತ್ತಿದ್ದೇನೆ.

ಮಕ್ಕಳಿಗೆ ದೇವರನ್ನು ಹೇಳಿಕೊಡಬೇಕಾ ಬೇಡವಾ ಅನ್ನೋದು ದೊಡ್ಡ ಪ್ರಶ್ನೆ, ಒಪ್ಪುತ್ತೇನೆ. ಆದರೆ ಈ ಪ್ರಶ್ನೆಗೆ ಇಷ್ಟು ಜೋರಾಗಿ ಉತ್ತರ ಕೊಡುವವರು ಆ ಉತ್ತರದ ಕೆಲಸವನ್ನು ಯಾಕೆ ಮಾಡುವುದಿಲ್ಲ? ನನ್ನ ತಕರಾರು ಅಷ್ಟೇ. ಭಾವನ ಇಬ್ಬರು ಮಕ್ಕಳಿಗೂ ವಿಷ್ಣು ಸಹಸ್ರನಾಮ ಬಾಯಿಗೆ ಬರುತ್ತದೆ, ಅದನ್ನು ಹೇಳಿಕೊಂಡು ಭಾವ ಊರೆಲ್ಲ ಬೀಗುತ್ತಾರೆ. ಕಲಿಸಿದ್ದು ಅಕ್ಕ. ಪ್ರತಿ ಶನಿವಾರ ಶ್ಲೋಕದ ಕ್ಲಾಸಿಗೆ ಸ್ಕೂಟರ್‌ನಲ್ಲಿ ಬಿಟ್ಟು, ಹೊರಗೆ ಕಟ್ಟೆ ಮೇಲೆ ಕಾದು, ವಾಪಸ್ ಕರೆದುಕೊಂಡು ಬಂದದ್ದು ಅಕ್ಕ. ಇತ್ತ ನಮ್ಮ ಮನೆಯಲ್ಲಿ "ಮಕ್ಕಳನ್ನ ವೈಚಾರಿಕವಾಗಿ ಬೆಳೆಸ್ತಿದ್ದೀವಿ" ಎಂಬ ಬಹುವಚನ ಇದೆಯಲ್ಲ, ಅದರಲ್ಲಿ ಎಷ್ಟು ಜನ ಇದ್ದಾರೆ ಅಂತ ನಾನೂ ಹುಡುಕುತ್ತಿದ್ದೇನೆ.

2022ರ ದೀಪಾವಳಿ ನೆನಪಿದೆಯಾ? ಅಕ್ಟೋಬರ್ 25ಕ್ಕೆ ಸೂರ್ಯಗ್ರಹಣ ಬಂದು ಹಬ್ಬದ ಲೆಕ್ಕವೆಲ್ಲ ತಲೆಕೆಳಗಾಗಿತ್ತು. ದೇವಸ್ಥಾನಗಳ ಬಾಗಿಲು ಹಾಕಿತ್ತು, ಅತ್ತೆ ನೀರಿನ ಕೊಡಕ್ಕೂ ದರ್ಭೆ ಹಾಕಿದ್ದರು. ನಮ್ಮ ಮನೆಯವರು ಮಕ್ಕಳನ್ನು ಕೂರಿಸಿಕೊಂಡು ನೆರಳು-ಬೆಳಕಿನ ಆಟ ವಿವರಿಸಿದರು. ಚೆನ್ನಾಗಿಯೇ ವಿವರಿಸಿದರು, ಸುಳ್ಳು ಹೇಳಬಾರದು. ಆಮೇಲೆ ಘೋಷಣೆ ಮಾಡಿದರು: ಗ್ರಹಣದ ಹೊತ್ತಲ್ಲೇ ನಾವೆಲ್ಲ ತಿಂಡಿ ತಿನ್ನಬೇಕು, ಮೂಢನಂಬಿಕೆ ಮುರಿಯಬೇಕು. ಮೆಣಸಿನಕಾಯಿ ಬಜ್ಜಿ ಆಗಬಹುದು ಅಂದರು. ಬಾಣಲೆ ಮುಂದೆ ನಿಂತದ್ದು ಯಾರು? ಅತ್ತೆಯ ಮುಖ ನೋಡಿಕೊಂಡು, "ಮಕ್ಕಳಿಗೆ ಏನಾದ್ರೂ ಆದ್ರೆ ನೀನೇ ಹೊಣೆ" ಅಂತ ಅನ್ನಿಸಿಕೊಂಡು ಬಜ್ಜಿ ಕರಿದದ್ದು ಯಾರು? ಮೂಢನಂಬಿಕೆ ಮುರಿದ ಫೋಟೋದಲ್ಲಿ ನಾನಿಲ್ಲ. ಇದ್ದಿದ್ದರೆ ಕೈಯಲ್ಲಿ ಜಾಲರಿ ಸೌಟು ಇರುತ್ತಿತ್ತು.

ವಿಜಯವಾಡದ ನಾಸ್ತಿಕ ಕೇಂದ್ರದ ಗೋರಾ ಬಗ್ಗೆ ಇವರು ಮಕ್ಕಳಿಗೆ ಆಗಾಗ ಹೇಳುತ್ತಾರೆ. ಪೂರ್ತಿ ಹೆಸರು ಗೋಪರಾಜು ರಾಮಚಂದ್ರ ರಾವ್. 1940ರಲ್ಲಿ ಕೇಂದ್ರ ಶುರು ಮಾಡಿದವರು. 1930ರಲ್ಲಿ, ಉಪ್ಪಿನ ಸತ್ಯಾಗ್ರಹದ ವರ್ಷ ಹುಟ್ಟಿದ ಮಗನಿಗೆ ಲವಣಂ ಅಂತ ಹೆಸರಿಟ್ಟವರು. ಜ್ಯೋತಿಷಿ ಕೊಟ್ಟ ಅಕ್ಷರ ಹುಡುಕದೆ ಹೀಗೂ ಹೆಸರಿಡಬಹುದಲ್ಲ ಅಂತ ನನಗೂ ಬಹಳ ಇಷ್ಟವಾದ ಕಥೆ ಅದು. ಆದರೆ ಆ ಮನೆಯ ಇನ್ನೊಂದು ಕಥೆ ಇದೆ, ಇವರು ಅದನ್ನು ಹೇಳುವುದು ಕಮ್ಮಿ. ಗೋರಾ ಹೆಂಡತಿ ಸರಸ್ವತಿ ಬಸುರಿಯಾಗಿದ್ದಾಗ ಗ್ರಹಣ ನೋಡಲು ಹೊರಗೆ ಬಂದು ನಿಂತರು. ಬಸುರಿ ಗ್ರಹಣ ನೋಡಿದರೆ ಹುಟ್ಟುವ ಮಗುವಿಗೆ ತುಟಿ ಸೀಳಿರುತ್ತದೆ ಅಂತ ಇವತ್ತಿಗೂ ಹೇಳುತ್ತಾರೆ. ಆ ಕಾಲದಲ್ಲಿ ಹೇಗಿದ್ದಿರಬೇಕು ಯೋಚನೆ ಮಾಡಿ. ಸಿದ್ಧಾಂತ ಇಬ್ಬರದ್ದು, ಸರಿ. ಆಕೆಯೂ ದೊಡ್ಡ ಹೋರಾಟಗಾರ್ತಿ, ಜೈಲು ಕಂಡವರು. ಆದರೆ ಅವತ್ತು ಪಣಕ್ಕಿಟ್ಟಿದ್ದು ಯಾರ ಹೊಟ್ಟೆ? ಮಗುವಿಗೆ ಏನಾದರೂ ಆಗಿದ್ದರೆ ಊರು ಬೆರಳು ತೋರಿಸುತ್ತಿದ್ದದ್ದು ಯಾರ ಕಡೆಗೆ?

ನಮ್ಮ ಎಚ್. ನರಸಿಂಹಯ್ಯನವರ ಹೆಸರೂ ನಿನ್ನೆ ಬಂತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. ಎಚ್ಚೆನ್ ಬಗ್ಗೆ ನನಗೆ ಅಪಾರ ಗೌರವ. ಆದರೆ ಅವರು ಬ್ರಹ್ಮಚಾರಿ, ಹಾಸ್ಟೆಲ್ ರೂಮಿನಲ್ಲಿ ಬದುಕಿದವರು. ಸತ್ಯಸಾಯಿ ಬಾಬಾಗೆ ಪ್ರಶ್ನೆ ಹಾಕುವ ಧೈರ್ಯ ಅವರಿಗಿತ್ತು. ವರಮಹಾಲಕ್ಷ್ಮಿ ಹಬ್ಬದ ದಿನ ಅತ್ತೆಯ ಎದುರು "ಅಜ್ಜೀ, ಲಕ್ಷ್ಮಿ ನಿಜವಾಗ್ಲೂ ಬರ್ತಾಳಾ? ಅಪ್ಪ ಇಲ್ಲ ಅಂತಾರೆ" ಅಂತ ಮಗ ಕೇಳಿದಾಗ ಕಳಶ ಹಿಡಿದುಕೊಂಡು ನಿಲ್ಲುವ ಕಷ್ಟ ಅವರಿಗೆ ಬಂದಿರಲಿಲ್ಲ.

ಶಾಲೆ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಮಗನ ಶಾಲೆಯಲ್ಲಿ ಶ್ಲೋಕ ಕಂಠಪಾಠ ಸ್ಪರ್ಧೆ ಅಂತ ಚೀಟಿ ಬಂತು. ಎಲ್ಲರೂ ಭಾಗವಹಿಸಲೇಬೇಕು ಅಂತ ಬರೆದಿತ್ತು. ಊಟದ ಟೇಬಲ್ ಮೇಲೆ ಸಂವಿಧಾನ ಬಂತು. 28ನೇ ವಿಧಿ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸುವ ಹಾಗಿಲ್ಲ, ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಸರಿಯಾಗಿಯೇ ಹೇಳಿದರು. ಕಾನೂನು ಒಳ್ಳೆಯದೇ. "ನಾಳೆ ಹೋಗಿ ಹೇಳು" ಅಂದರು. ಯಾರಿಗೆ? ನನಗೆ! ಹೋದೆ. ಟೀಚರ್ ಪಾಪ, "ಮೇಡಂ, ಇಷ್ಟ ಇಲ್ಲಾಂದ್ರೆ ಒಂದು ಪತ್ರ ಬರ್ಕೊಡಿ" ಅಂದರು. ಮಗ ನನ್ನ ಚೂಡಿದಾರ್ ಹಿಡಿದು ಎಳೆಯುತ್ತಿದ್ದ. ಅವನಿಗೆ ಸ್ಪರ್ಧೆ ಬೇಕಿತ್ತು. ಗೆದ್ದವರಿಗೆ ಬಣ್ಣದ ಪೆನ್ಸಿಲ್ ಡಬ್ಬಿ ಇತ್ತು. ಇದಕ್ಕೆ ಯಾವ ವಿಧಿಯಲ್ಲಿ ಪರಿಹಾರ ಇದೆ ಹೇಳಿ.

ಇನ್ನೊಂದು ಕಾನೂನೂ ಇದೆ, ಅದು ಊಟದ ಟೇಬಲ್‌ಗೆ ಬರುವುದಿಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆ. ಅದರ ಪ್ರಕಾರ ಮಗುವಿನ ಸಹಜ ಪೋಷಕ ತಂದೆ, ಅವನ ನಂತರ ತಾಯಿ. ಲೇಖಕಿ ಗೀತಾ ಹರಿಹರನ್ ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದ ಮೇಲೆ, 1999ರಲ್ಲಿ ಕೋರ್ಟ್ ಸ್ವಲ್ಪ ಸಡಿಲ ಮಾಡಿತು. ತಂದೆ ಬದುಕಿದ್ದರೂ ಮಗುವಿನ ಜವಾಬ್ದಾರಿಯಿಂದ ದೂರ ಇದ್ದರೆ ತಾಯಿಯೇ ಪೋಷಕಿ ಆಗಬಹುದು ಅಂದಿತು. ನಾಸ್ತಿಕರಾದರೂ ನಮ್ಮ ಮನೆಯವರು ಈ ಕಾಯ್ದೆಯ ಕಣ್ಣಲ್ಲಿ ಹಿಂದೂವೇ. ಹಾಗಾಗಿ ಕಾಗದದಲ್ಲಿ ಅವರು ಮೊದಲು. ಶಾಲೆಯ ಗೇಟಿನಲ್ಲಿ ನಾನು ಮೊದಲು.

ಈಗ ಯಾರೋ ಹೇಳುತ್ತೀರಿ, ಗೊತ್ತು: "ಅಯ್ಯೋ, ಮಕ್ಕಳ ತಲೆಗೆ ಮೂಢನಂಬಿಕೆ ತುಂಬೋರೇ ಹೆಂಗಸರು ಅಲ್ವಾ? ದೃಷ್ಟಿ ತೆಗೆಯೋದು ಯಾರು, ಹರಕೆ ಹೊರೋದು ಯಾರು?" ಹೌದು ಸ್ವಾಮಿ, ನಾವೇ. 2019ರ ಡಿಸೆಂಬರ್ 26ರ ಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ಇದ್ದ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು. ವಾಸಿಯಾಗುತ್ತದೆ ಎಂಬ ನಂಬಿಕೆ. ಟಿವಿಯಲ್ಲಿ ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಮಕ್ಕಳಿಗೆ ಬೇಕಿದ್ದದ್ದು ಡಾಕ್ಟರು. ಅದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಊರಲ್ಲಿ ಇಂಥ ಮಗು ಹುಟ್ಟಿದ ಮನೆಗೆ ಹೋಗಿ ನೋಡಿ. "ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹೊರಗೆ ಹೋಗಿದ್ಯಾ? ಯಾವ ಹರಕೆ ಮರೆತೆ?" ಅಂತ ಯಾರನ್ನು ಕೇಳುತ್ತಾರೆ? ತಪ್ಪು ಹೊರಿಸುವಾಗ ತಾಯಿ, ಹೆದರಿ ಹರಕೆ ಹೊತ್ತರೆ ಮೂಢೆ. ಇದು ಚೆನ್ನಾಗಿದೆ ಅಲ್ವಾ?

ನಾನು ನಂಬುತ್ತೀನಾ? ನಿಜ ಹೇಳಲಾ? ಮಗುವಿಗೆ ನೂರಮೂರು ಜ್ವರ ಬಂದ ರಾತ್ರಿ ಎಲ್ಲ ದೇವರನ್ನೂ ನಂಬುತ್ತೇನೆ. ಪ್ಯಾರಾಸಿಟಮಾಲ್ ಕೆಲಸ ಮಾಡಿದ ಮೇಲೆ ಯಾರೂ ನೆನಪಿರುವುದಿಲ್ಲ. ಮಗ ಒಂದು ರಾತ್ರಿ ಕೇಳಿದ: "ತಾತ ಮೇಲಿಂದ ನೋಡ್ತಿದ್ದಾರೆ ಅಂತಾರೆ ದೊಡ್ಡಪ್ಪ. ಸತ್ರೆ ಅಷ್ಟೇ, ಮುಗೀತು ಅಂತಾರೆ ಅಪ್ಪ. ಅಮ್ಮಾ, ನೀನು ಸತ್ರೆ ಎಲ್ಲಿರ್ತೀಯ?" ಎರಡೂ ಸಿದ್ಧಾಂತದ ಯಜಮಾನರು ಅಷ್ಟು ಹೊತ್ತಿಗೆ ಅವರವರ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. "ಗೊತ್ತಿಲ್ಲ ಕಣೋ. ನಾಳೆ ಬೆಳಗ್ಗೆ ಮಾತ್ರ ಇಲ್ಲೇ ಇರ್ತೀನಿ. ಡಬ್ಬಿಗೆ ಏನು ಹಾಕ್ಲಿ?" ಅಂದೆ. ಚಿತ್ರಾನ್ನ ಅಂದ. ಮಲಗಿದ.

ನಿನ್ನೆಯಿಂದ ನನ್ನ ತಲೆ ಕೆಡಿಸಿದ್ದು ಇದ್ಯಾವುದೂ ಅಲ್ಲ. ನಮಗೆ ಒಬ್ಬಳು ಮಗಳೂ ಇದ್ದಾಳೆ. ಹನ್ನೆರಡು ವರ್ಷ. ಅವಳ ಬಗ್ಗೆ ಈ ಇಬ್ಬರೂ ಯಾವತ್ತೂ ಜಗಳ ಆಡಿಲ್ಲ. ಅವಳಿಗೆ ಜನಿವಾರ ಇಲ್ಲವಲ್ಲ, ವಾದಕ್ಕೆ ಏನೂ ಸಿಗುವುದಿಲ್ಲ. ಈ ಬೇಸಿಗೆಯಲ್ಲಿ ಅವಳು ದೊಡ್ಡವಳಾದಳು. ಅತ್ತೆ ಮೂಲೆಯಲ್ಲಿ ಚಾಪೆ ಹಾಕಿದರು. ಬೇರೆ ತಟ್ಟೆ, ಬೇರೆ ಲೋಟ. ದೇವರ ಮನೆ ಕಡೆ ಬರಬೇಡ, ತಮ್ಮನನ್ನು ಮುಟ್ಟಬೇಡ. ಮಗಳು ಅಳುತ್ತಾ ಅಪ್ಪನ ಕಡೆ ನೋಡಿದಳು. 2018ರಲ್ಲಿ ಶಬರಿಮಲೆ ತೀರ್ಪು ಬಂದಾಗ ಹತ್ತರಿಂದ ಐವತ್ತು ವರ್ಷದ ಹೆಂಗಸರ ದೇವಸ್ಥಾನ ಪ್ರವೇಶದ ಪರವಾಗಿ ಇದೇ ಫೇಸ್‌ಬುಕ್‌ನಲ್ಲಿ ಉದ್ದುದ್ದ ಬರೆದ ಅಪ್ಪ ಅವರು. ನೀವೆಲ್ಲ ಲೈಕ್ ಒತ್ತಿದ್ದಿರಿ, ನಾನೂ ಒತ್ತಿದ್ದೆ. ಅವತ್ತು ಏನು ಹೇಳಿದರು ಗೊತ್ತಾ? "ಮೂರು ದಿನ ತಾನೇ, ಹೊಂದಿಕೊಂಡು ಹೋಗು. ಅಜ್ಜಿಗೆ ಬೇಜಾರಾಗುತ್ತೆ."

ಅಜ್ಜಿಗೆ ಬೇಜಾರಾಗುತ್ತೆ! ಮಗನ ಮುಂಜಿ ಬೇಡ ಅಂದಾಗ ಅಜ್ಜಿಗೆ ಬೇಜಾರಾಗಲಿಲ್ವಾ? ಗ್ರಹಣದಲ್ಲಿ ಬಜ್ಜಿ ತಿಂದಾಗ? ಭುಜದ ಮೇಲೆ ಬೀಳುವ ದಾರದ ವಿರುದ್ಧ ಕ್ರಾಂತಿ, ಹುಡುಗಿಯ ಚಾಪೆಯ ವಿಷಯದಲ್ಲಿ ಹೊಂದಾಣಿಕೆ. ಚಾಪೆ ಎತ್ತಿದ್ದು ನಾನು. ಮಗಳನ್ನು ಹಾಸಿಗೆಯಲ್ಲಿ ನನ್ನ ಪಕ್ಕ ಮಲಗಿಸಿಕೊಂಡೆ. ಅತ್ತೆ ವಾರಗಟ್ಟಲೆ ಮಾತು ಬಿಟ್ಟರು. ಅಂದಹಾಗೆ, ಸಂಜೆ ದೀಪ ಹಚ್ಚುವವಳು ನಾನು. ಇವತ್ತೂ ಹಚ್ಚಿದೆ.

ಮುಂಜಿ ಬಗ್ಗೆ ನನ್ನ ನಿಲುವು ಏನು ಅಂತ ಅಕ್ಕ ಫೋನ್ ಮಾಡಿ ಕೇಳಿದರು. ಮೊದಲ ಸಲ ಯಾರಾದರೂ ಕೇಳಿದ್ದು. ಅವರಿಗೆ ಹೇಳಿದ್ದೇನೆ, ಇಲ್ಲಿ ಹೇಳುವುದಿಲ್ಲ.

ಇವರನ್ನು ಟ್ಯಾಗ್ ಮಾಡಿಲ್ಲ, ಆದರೂ ಓದುತ್ತಾರೆ. ಭಾವನೂ ಓದುತ್ತಾರೆ. ಓದಲಿ. ಕೆಳಗೆ ಕಾಮೆಂಟಿನಲ್ಲಿ ಆಸ್ತಿಕ-ನಾಸ್ತಿಕ ಯುದ್ಧ ಶುರು ಮಾಡಬೇಕು ಅಂತ ಕೈ ಕಡಿಯುತ್ತಿರುವ ಗಂಡಸರಿಗೆ ಒಂದು ಸಣ್ಣ ಪ್ರವೇಶ ಪರೀಕ್ಷೆ ಇಟ್ಟಿದ್ದೇನೆ. ನಿಮ್ಮ ಮಗು ಯಾವ ಸೆಕ್ಷನ್? ಶುಕ್ರವಾರ ಯಾವ ಯೂನಿಫಾರ್ಮ್? ಗೂಗಲ್ ಮಾಡಬೇಡಿ, ಹೆಂಡತಿಯನ್ನೂ ಕೇಳಬೇಡಿ. ಉತ್ತರ ಬರೆದು ಆಮೇಲೆ ಡಾರ್ವಿನ್ ವಿಷಯಕ್ಕೆ ಬನ್ನಿ.