ಕರಿ ಬೆಕ್ಕಿನ ಮೈಮೇಲೂ ಪಟ್ಟೆ ಇದೆ

ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಅದೇ ಫಾರ್ವರ್ಡ್ ಓಡಾಡ್ತಿದೆ. "ಬೆಕ್ಕು ಅಡ್ಡ ಬಂದರೆ ನಿಲ್ಲಬೇಕು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ರಾತ್ರಿ ಗಾಡಿ ಹೊಡೆಯುವಾಗ ಕರಿ ಬೆಕ್ಕಿನ ಕಣ್ಣು ಹೊಳೆದು ಎತ್ತು ಬೆದರುತ್ತಿದ್ದವು, ಅದಕ್ಕೇ ನಿಲ್ಲಿಸುತ್ತಿದ್ದರು. ಇದು ವಿಜ್ಞಾನ." ಕೆಳಗೆ ಸಾಲುಸಾಲು ಕೈಮುಗಿದ ಚಿತ್ರ.

ಬೆಕ್ಕಿನ ಕಣ್ಣು ಹೊಳೆಯುವುದು ಅಕ್ಷಿಪಟಲದ ಹಿಂದೆ ಬೆಳಕನ್ನು ವಾಪಸ್ ಕಳಿಸುವ ಒಂದು ಪದರ ಇರುವುದರಿಂದ. ಅದಕ್ಕೂ ಮೈಬಣ್ಣಕ್ಕೂ ಸಂಬಂಧವಿಲ್ಲ, ಕೆಂಪು ಬೆಕ್ಕಿಗೂ ಇದೆ, ಪಟ್ಟೆ ಬೆಕ್ಕಿಗೂ ಇದೆ. ಅಷ್ಟೇ ಅಲ್ಲ, ಗಾಡಿ ಎಳೆಯುವ ಎತ್ತಿಗೂ ಇದೆ! ಆ ಲೆಕ್ಕದಲ್ಲಿ ನೊಗದ ಆಚೆಗಿರುವ ಜೋಡಿಯನ್ನು ನೋಡಿಯೇ ಎತ್ತು ದಿನಾ ರಾತ್ರಿ ಗಾಬರಿಯಾಗಬೇಕಿತ್ತು.

ನನ್ನ ತಕರಾರು ನಂಬಿಕೆ ಮೇಲಲ್ಲ, ಕಥೆ ಮೇಲಂತೂ ಅಲ್ಲವೇ ಅಲ್ಲ. ಕಥೆಗೆ ವಿಜ್ಞಾನದ ಅಂಗಿ ತೊಡಿಸಿ ಮೆರೆಸುತ್ತಾರಲ್ಲ, ಅವರ ಮೇಲೆ. ಹಾಗೆ ಮಾಡಿದರೆ ಕಥೆಯೂ ಕೆಡುತ್ತದೆ, ವಿಜ್ಞಾನವೂ ಕೆಡುತ್ತದೆ.

ನಮ್ಮ ಗಂಗಾವತಿ ಪಕ್ಕದಲ್ಲೇ ಆನೆಗೊಂದಿ, ಅದೇ ಕಿಷ್ಕಿಂಧೆ ಅಂತ ನಂಬಿ ಬೆಳೆದವರು ನಾವು. ಸೇತುವೆ ಕಟ್ಟುವಾಗ ಅಳಿಲು ಮೈಗೆ ಮರಳು ಮೆತ್ತಿಕೊಂಡು ಬಂದು ಉದುರಿಸಿತು, ರಾಮ ಬೆನ್ನು ಸವರಿದ, ಮೂರು ಬೆರಳಿನ ಗೆರೆ ಉಳಿದವು. ಇಲ್ಲಿಯ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಈಗ ಬೆಕ್ಕಿಗೆ ಬನ್ನಿ. ಪಟ್ಟೆ ಬೆಕ್ಕಿನ ಹಣೆಯನ್ನು ನೋಡಿ, ಇಂಗ್ಲಿಷಿನ 'ಎಂ' ಅಕ್ಷರದ ಹಾಗೆ ಗೆರೆ ಇರುತ್ತದೆ. ಕ್ರೈಸ್ತರ ಜನಪದ ಕಥೆಯಲ್ಲಿ, ಚಳಿಗೆ ನಡುಗುತ್ತಿದ್ದ ಬಾಲಯೇಸುವಿನ ಮಗ್ಗುಲಲ್ಲಿ ಬೆಕ್ಕಿನ ಮರಿ ಮಲಗಿ ಬೆಚ್ಚಗೆ ಮಾಡಿತು, ಮರಿಯಮ್ಮ ಅದರ ಹಣೆ ಸವರಿದಳು, ಗುರುತು ಉಳಿಯಿತು. ಮುಸಲ್ಮಾನರಲ್ಲಿ ಹೇಳುವ ಕಥೆಯಲ್ಲಿ ಬೆಕ್ಕನ್ನು ಪ್ರೀತಿಯಿಂದ ಸವರಿದ್ದು ಪ್ರವಾದಿಯವರ ಕೈ. ದೂರದೂರದ ಜನ, ಬೇರೆಬೇರೆ ದೇವರು, ಆದರೆ ಯಾರೋ ದೊಡ್ಡವರು ಸಣ್ಣ ಪ್ರಾಣಿಗೆ ಕೈಯಿಂದ ಥ್ಯಾಂಕ್ಸ್ ಹೇಳಿದ ಗುರುತು ಅದು ಅನ್ನುವುದರಲ್ಲಿ ಎಲ್ಲರದೂ ಒಂದೇ ಮಾತು. ಇದಕ್ಕೆ ಯಾವ ಲ್ಯಾಬಿನ ಸರ್ಟಿಫಿಕೇಟ್ ಬೇಕು ಹೇಳಿ? (ಉತ್ತರ ಭಾರತದ ಅಳಿಲಿಗೆ ಐದು ಗೆರೆ. ಅಲ್ಲಿಯವರು ಐದೂ ಬೆರಳು ಅಂತಾರೋ ಏನೋ.)

ಲ್ಯಾಬಿನವರು ಕಂಡದ್ದು ಬೇರೆ. 2012ರಲ್ಲಿ ಅಮೆರಿಕದ ವಿಜ್ಞಾನಿಗಳು ಬೆಕ್ಕಿನ ಪಟ್ಟೆ ಸಪೂರ ಗೆರೆಯಾಗಬೇಕೋ ದಪ್ಪ ಸುಳಿಯಾಗಬೇಕೋ ಅನ್ನುವುದನ್ನು ತೀರ್ಮಾನಿಸುವ ಜೀನ್ ಹಿಡಿದರು. ಆಫ್ರಿಕಾದ ಕೆಲವು ಚೀತಾಗಳ ಮೈಮೇಲೆ ಚುಕ್ಕೆಗಳು ಕೂಡಿಕೊಂಡು ದೊಡ್ಡ ಮಚ್ಚೆಗಳಾಗುವುದೂ ಅದೇ ಜೀನ್‌ನಿಂದ. 2021ರಲ್ಲಿ ಇನ್ನೊಂದು ಮೆಟ್ಟಿಲು. ಬೀದಿ ಬೆಕ್ಕುಗಳಿಗೆ ಸಂತಾನಹರಣ ಆಪರೇಷನ್ ಮಾಡುವಾಗ ಸಿಗುವ ಭ್ರೂಣಗಳನ್ನು ಪರೀಕ್ಷಿಸಿದಾಗ, ಮೈಮೇಲೆ ಒಂದು ರೋಮವೂ ಮೂಡುವ ಮೊದಲೇ ಚರ್ಮದಲ್ಲಿ ದಪ್ಪ, ತೆಳು, ದಪ್ಪ, ತೆಳು ಅಂತ ಸಾಲುಗಳು ಎದ್ದಿರುವುದು ಕಂಡಿತು. ದಪ್ಪ ಇರುವಲ್ಲಿ ಮುಂದೆ ಕಪ್ಪು ರೋಮ. ಅದಕ್ಕೂ ಮೊದಲು ಅದೇ ಜಾಗದಲ್ಲಿ 'ಡಿಕೆಕೆ4' ಅನ್ನುವ ಜೀನ್ ಕೆಲಸ ಶುರು ಮಾಡಿರುತ್ತದೆ. ಅಂದರೆ ಬಣ್ಣ ಬರುವುದು ಆಮೇಲೆ, ನಕ್ಷೆ ಮೊದಲು. ಎರಡು ರಾಸಾಯನಿಕಗಳು ಹರಡುತ್ತಾ ಒಂದರ ಮೇಲೊಂದು ಪ್ರಭಾವ ಬೀರಿದರೆ ತಾವಾಗಿಯೇ ಇಂಥ ಚುಕ್ಕೆ ಗೆರೆ ಮೂಡಬಲ್ಲವು ಅಂತ ಅಲನ್ ಟ್ಯೂರಿಂಗ್ 1952ರಲ್ಲೇ ಗಣಿತ ಬರೆದಿಟ್ಟಿದ್ದ. ಹೌದು, ಕಂಪ್ಯೂಟರ್ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಟ್ಯೂರಿಂಗೇ!

ಈ ನಕ್ಷೆ ಪ್ರತಿ ಬೆಕ್ಕಿನಲ್ಲೂ ಇರುತ್ತದೆ, ಕರಿಯದರಲ್ಲೂ. ಪಟ್ಟೆ ಬೆಕ್ಕಿನ ಒಂದು ರೋಮ ಹಿಡಿದು ನೋಡಿದರೆ ಅದರಲ್ಲೇ ಕಪ್ಪು, ಹಳದಿ, ಕಪ್ಪು ಅಂತ ಬಳೆಬಳೆ ಕಾಣುತ್ತದೆ. ಆ ಹಳದಿ ಬರಿಸುವ ಜೀನ್ ಕೆಟ್ಟರೆ ರೋಮ ಪೂರ್ತಿ ಕಪ್ಪು, ಪಟ್ಟೆ ಅದರಡಿ ಮುಚ್ಚಿಹೋಗುತ್ತದೆ. ನಾನು ಲೆಕ್ಕ ಬರೆಯುವ ರೈಸ್‌ಮಿಲ್ಲಿನ ಕಣದಲ್ಲಿ ಕರಿ ಬೆಕ್ಕೊಂದು ಬೆಳಗಿನ ಬಿಸಿಲಿಗೆ ಗೋಣಿಚೀಲದ ಮೇಲೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಓರೆ ಬಿಸಿಲು ಬಿದ್ದಾಗ ಹತ್ತಿರ ಕೂತು ನೋಡಬೇಕು. ಬಾಲದಲ್ಲಿ ಉಂಗುರ, ಮುಂಗಾಲಲ್ಲಿ ಗೆರೆ, ಪಕ್ಕೆಯ ಮೇಲೆ ಅಲೆಅಲೆಯಾಗಿ ಮಿನುಗುವ ರೇಷ್ಮೆಯಂತೆ ಕಂದು ಛಾಯೆ. ನಮ್ಮ ಕಡೆಯ ಬಿಸಿಲಿಗೆ ಕರಿ ರೋಮವೂ ತುಕ್ಕು ಬಣ್ಣಕ್ಕೆ ತಿರುಗುವುದರಿಂದ ಬೇಸಿಗೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಬ್ರಿಟನ್ನಿನಲ್ಲಿ ಇದೇ ಕರಿ ಬೆಕ್ಕು ಅಡ್ಡ ಬಂದರೆ ಶುಭ ಅನ್ನುವವರಿದ್ದಾರೆ. ಇಲ್ಲಿ ಅಡ್ಡ ಬಂದರೆ ಲಾರಿ ಡ್ರೈವರ್ ಗೇಟಲ್ಲೇ ನಿಲ್ಲಿಸಿ ಒಂದು ಬೀಡಿ ಸೇದಿ ಹೊರಡುತ್ತಾನೆ. ಸೇದಲಿ, ಅದರಿಂದ ಬೆಕ್ಕಿಗೇನೂ ನಷ್ಟವಿಲ್ಲ.

ನಷ್ಟ ಆಗೋದು ಮರಿಗಳ ವಿಷಯದಲ್ಲಿ. ಮಿಲ್ಲಿನಲ್ಲಿ ಮೂರು ಬಣ್ಣದ ಹೆಣ್ಣು ಬೆಕ್ಕೊಂದಿದೆ, ಬಿಳಿ, ಕೆಂಪು, ಕಪ್ಪು. ಅದು ಬಂದಮೇಲೆ ವ್ಯಾಪಾರ ಕುದುರಿತು ಅಂತ ಎಲ್ಲರಿಗೂ ಅಕ್ಕರೆ. ಜಪಾನಿನವರದೂ ಇದೇ ನಂಬಿಕೆ. 1956ರಲ್ಲಿ ಅವರ ಮೊದಲ ಅಂಟಾರ್ಕ್ಟಿಕಾ ತಂಡ ಹೊರಟಾಗ ಹಡಗಿನಲ್ಲಿ ತಾಕೇಶಿ ಅನ್ನುವ ಮೂರು ಬಣ್ಣದ ಗಂಡು ಬೆಕ್ಕನ್ನು ಅದೃಷ್ಟಕ್ಕೆ ಅಂತಲೇ ಕರೆದೊಯ್ದಿದ್ದರು. ಮೂರು ಬಣ್ಣದ ಗಂಡು ಸಿಗುವುದೇ ಅಪರೂಪ. ಕೆಂಪು ಬಣ್ಣದ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್, ಒಂದೊಂದು ಜೀವಕೋಶದಲ್ಲಿ ಒಂದು ಮಾತ್ರ ಕೆಲಸ ಮಾಡುತ್ತದೆ, ಇನ್ನೊಂದು ಸುಮ್ಮನಾಗುತ್ತದೆ. 1961ರಲ್ಲಿ ಬ್ರಿಟನ್ನಿನ ತಳಿವಿಜ್ಞಾನಿ ಮೇರಿ ಲಯನ್ ಹೇಳಿದ್ದು ಇದನ್ನೇ. ಎಲ್ಲಿ ಯಾವುದು ಸುಮ್ಮನಾಯಿತೋ ಅದರ ಮೇಲೆ ಅಲ್ಲಿ ಕೆಂಪು, ಇಲ್ಲಿ ಕಪ್ಪು. ಗಂಡಿಗೆ ಸಾಮಾನ್ಯವಾಗಿ ಒಂದೇ ಎಕ್ಸ್, ಹಾಗಾಗಿ ಎರಡರಲ್ಲಿ ಒಂದೇ ಬಣ್ಣ. 2001ರಲ್ಲಿ ಟೆಕ್ಸಾಸ್‌ನಲ್ಲಿ ಮೂರು ಬಣ್ಣದ ಬೆಕ್ಕಿನ ತದ್ರೂಪಿ ಮರಿ ಹುಟ್ಟಿಸಿದರು, ತೆಗೆದುಕೊಂಡ ಜೀವಕೋಶದಲ್ಲಿ ಕೆಂಪಿನ ಎಕ್ಸ್ ಸುಮ್ಮನಾಗಿದ್ದರಿಂದ ಅದರಲ್ಲಿ ಕೆಂಪು ಬರಲೇ ಇಲ್ಲ!

ಕೆಂಪಾಗಬೇಕೋ ಬೇಡವೋ ಅನ್ನುವುದು ಗಂಡು ಮರಿಗೆ ಬರುವುದು ತಾಯಿಯ ಎಕ್ಸ್‌ನಿಂದ ಮಾತ್ರ, ಅಪ್ಪನ ಕಡೆಯಿಂದ ಏನೂ ಇಲ್ಲ. ತಾಯಿಯನ್ನು ಲಕ್ಷ್ಮಿ ಅನ್ನುವವರೇ ಈ ಸಲದ ಕೆಂಪು ಮರಿಗಳನ್ನು ಕಣ್ಣು ಬಿಡುವ ಮೊದಲೇ ಹೇಳಿಟ್ಟು ಒಯ್ದರು. ಉಳಿದ ಎರಡು ಕರಿ ಮರಿಗಳನ್ನು ಒಯ್ಯುತ್ತೀಯಾ ಅಂತ ಕೇಳಿದರೆ ನಮ್ಮ ಹಿರಿಯ ಹಮಾಲ ಕಾಕಾ ಅಂದದ್ದು: "ಬ್ಯಾಡ ತಮ್ಮಾ, ಮನಿಯಾಗ ಹೆಣಮಕ್ಕಳು ಒಳಗ ಬಿಟ್ಕೊಳ್ಳಂಗಿಲ್ಲ."

"ಅವರವ್ವ ಲಕ್ಷ್ಮಿ ಅಂತೀಯಲ್ಲ ಕಾಕಾ, ಈ ಬಣ್ಣ ಅಕೀದ ಐತಿ."

"ಅಕೀದು ಬ್ಯಾರೆ, ಇವುದು ಬ್ಯಾರೆ ಬಿಡು."

ಎರಡೂ ಗಂಡು ಮರಿ, ಹಾಲು ಬಿಟ್ಟಿವೆ, ಮುದ್ದೆ ಮಜ್ಜಿಗೆನೂ ತಿಂತಾವೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರು ಯಾರಾದರೂ ಒಯ್ಯುವುದಿದ್ದರೆ ಮೆಸೇಜ್ ಮಾಡಿ. ಮಧ್ಯಾಹ್ನ ಬನ್ನಿ, ಬೆಳಿಗ್ಗೆ ಲೋಡಿಂಗ್ ಇರುತ್ತದೆ.