ಹೋರ್ಡಿಂಗ್ ಜಾಗದಲ್ಲಿ ಬರೀ ಬಣ್ಣ ಇದ್ದರೆ?

ವಿಯೆನ್ನಾದಲ್ಲಿ ನಾಯ್‌ಬಾವ್‌ಗಾಸೆ ಅಂತ ಒಂದು ಅಂಗಡಿ ಬೀದಿ ಇದೆ. 2005ರ ಜೂನ್‌ನಲ್ಲಿ ಕ್ರಿಸ್ಟೋಫ್ ಶ್ಟೈನ್‌ಬ್ರೆನರ್, ರೈನರ್ ಡೆಂಫ್ ಎಂಬ ಕಲಾವಿದರು ಅಲ್ಲಿನ ಜಾಹೀರಾತು, ಅಂಗಡಿ ಬೋರ್ಡು, ಕಂಪನಿ ಗುರುತು ಎಲ್ಲವನ್ನೂ ಹಳದಿ ಹಾಳೆಯಿಂದ ಮುಚ್ಚಿಬಿಟ್ಟರು. ಎರಡು ವಾರ ಬೀದಿ ಹಾಗೇ ಇತ್ತು. ಅಕ್ಷರವಿಲ್ಲ, ಮುಖವಿಲ್ಲ, ಬರೀ ಹಳದಿ.

ನಾನು ಈ ಊರಿಗೆ ಬಂದದ್ದು ಆಮೇಲೆ. ಫೋಟೊಗಳನ್ನು ಮಾತ್ರ ನೋಡಿದ್ದೇನೆ. ಗೋಡೆಯಿಂದ ಆಚೆ ಚಾಚಿದ ಬೋರ್ಡುಗಳೆಲ್ಲ ಒಂದರ ಹಿಂದೊಂದು ಹಳದಿ ತುಂಡುಗಳಾಗಿವೆ. ಓದೋಕೆ ಏನೂ ಇಲ್ಲದ್ದರಿಂದ ಕಣ್ಣು ತಾನಾಗಿ ಕಿಟಕಿ, ಗೋಡೆಗಳ ಕಡೆ ಹೋಗುತ್ತದೆ. ಜಾಹೀರಾತು ಎಷ್ಟು ಜಾಗ ನುಂಗಿದೆ ಅಂತಲೂ ಆಗಲೇ ತಿಳಿಯುವುದು.

ಬೆಂಗಳೂರಿಗೂ ಇಂಥ ಅವಕಾಶ ಬಂದಿತ್ತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಪಾಲಿಕೆ ಫ್ಲೆಕ್ಸ್‌ಗಳನ್ನು ಕಿತ್ತುಹಾಕಿತು. ಕೈಮುಗಿದ ನಾಯಕರು, ಹುಟ್ಟುಹಬ್ಬದ ಶುಭಾಶಯಗಳು ಹೋದವು. ಹೋರ್ಡಿಂಗ್‌ಗಳೂ ಖಾಲಿಯಾದವು. ರಜೆಗೆ ಬಂದಾಗ ನೋಡಿದೆ, ಕಟ್ಟಡಗಳ ನೆತ್ತಿಯ ಮೇಲೆ ತುಕ್ಕು ಹಿಡಿದ ಕಬ್ಬಿಣದ ಚೌಕಟ್ಟು, ಅದಕ್ಕೆ ಸಿಕ್ಕಿಕೊಂಡ ಹರಿದ ಚೂರುಗಳು. ಆಕಾಶ ಕಂಡಿದ್ದಕ್ಕೆ ಖುಷಿಯಾಯಿತು ನಿಜ. ಆದರೆ ಆ ಚೌಕಟ್ಟಿಗೆ ಒಂದೊಂದು ಬಣ್ಣ ಕಟ್ಟಬಹುದಿತ್ತು, ಅಲ್ವಾ?

ನಮ್ಮ ಊರಿನ ಗೋಡೆಗಳ ಮೇಲೆ ಹಂಪಿ, ಯಕ್ಷಗಾನ, ಹುಲಿ ಎಲ್ಲ ಬರೆಸಿದ್ದಾರೆ. ಅವು ಬೇಕು. ಆದರೆ ಅವೂ ಏನೋ ಹೇಳುತ್ತಲೇ ಇರುತ್ತವೆ. ಸಿಗ್ನಲ್‌ನಲ್ಲಿ ಸುಸ್ತಾಗಿ ನಿಂತವನಿಗೆ ಏನನ್ನೂ ಹೇಳದ, ಏನನ್ನೂ ಮಾರದ ಒಂದು ದೊಡ್ಡ ನೀಲಿಯೂ ಬೇಕು ಅಂತ ನನಗನಿಸುತ್ತದೆ. ಅದು ದಂಡದ ಜಾಗವಲ್ಲ.

ಹಾಗಂತ ವಿಯೆನ್ನಾದಲ್ಲಿ ಮಾಡಿದ್ದನ್ನು ಇದ್ದ ಹಾಗೇ ಎತ್ತಿಕೊಂಡು ಹೋಗಬಾರದು. ಎರಡು ವಾರ ಜರ್ಮನ್ ಅಕ್ಷರ ಮರೆಯಾದರೆ ವಿಯೆನ್ನಾದವರಿಗೆ ಭಯವಿಲ್ಲ. ನಮಗೋ, ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಲಿ ಅಂತ 2024ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಹೊರಗಿದ್ದು ಊರಿಗೆ ಬರುವವನಿಗೆ ಆ ಅಕ್ಷರಗಳೇ ಮೊದಲ ಸ್ವಾಗತ. ಅಂಗಡಿ ಬೋರ್ಡಿನ ತಂಟೆಗೆ ಹೋಗುವುದೇ ಬೇಡ.

ಬಾಡಿಗೆಗೆ ಹೋಗದೆ, ಬರೀ ಫೋನ್ ನಂಬರ್ ಹೊತ್ತು ನಿಂತ ಹೋರ್ಡಿಂಗ್‌ಗಳು ಸಾಕು. ಚಿತ್ರಕಲಾ ಪರಿಷತ್ತಿನ ಹುಡುಗರು ಬಣ್ಣ ಆರಿಸಲಿ. ಪ್ಲಾಸ್ಟಿಕ್ ಬೇಡ, ಬಟ್ಟೆ ಕಟ್ಟಲಿ. ಬಾಡಿಗೆದಾರ ಸಿಕ್ಕ ದಿನ ಬಿಚ್ಚಿ, ಮುಂದಿನ ಖಾಲಿ ಚೌಕಟ್ಟಿಗೆ ಕಟ್ಟಿದರಾಯಿತು.